ಎಂಎಚ್‌ಎ, ಹತ್ತು ಲಕ್ಷ ಸಾಲ ಮತ್ತು ಭಾವನ ತೋಟದ ಪತ್ರ

ಹದಿನೈದು ದಿನದಿಂದ ನಮ್ಮ ಮನೆ ಫೋನಿನಲ್ಲಿ ಒಂದೇ ವಿಷಯ. ಅಕ್ಕನ ಮಗಳು ಪುಟ್ಟಿ ಎಂಎಚ್‌ಎ ಓದಬೇಕಂತೆ. ಅಂದರೆ ಮಾಸ್ಟರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್, ಆಸ್ಪತ್ರೆ ಆಡಳಿತ. ಪುಟ್ಟಿ ಅಂದರೆ ಪುಟ್ಟ ಹುಡುಗಿ ಅಂದುಕೊಳ್ಳಬೇಡಿ, 23 ವರ್ಷ. ತಿಪಟೂರಿನಿಂದ ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿ ಅಲ್ಲಿನ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂರುತ್ತಾಳೆ. ಕೈಗೆ ಬರೋದು ತಿಂಗಳಿಗೆ 18,000. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಎರಡು ವರ್ಷಕ್ಕೆ ಫೀಸು ಎಂಟು ಲಕ್ಷ, ಹಾಸ್ಟೆಲ್ಲು ಊಟ ಎಲ್ಲಾ ಸೇರಿ ಇನ್ನೊಂದು ಮೂರು. ಒಂದು ಲಕ್ಷ ಭಾವ ಹೇಗೋ ಹೊಂದಿಸ್ತಾರೆ. ಉಳಿದ ಹತ್ತು ಲಕ್ಷ ಬ್ಯಾಂಕಿನಿಂದ ಬರಬೇಕು.

ಬ್ಯಾಂಕಿನವರು ಕೇಳಿದ್ದು ತೋಟದ ಪತ್ರ.

ಭಾವ ಕಮ್ಮಿ ಮಾತಿನವರು. ಫೋನ್ ಮಾಡಿ ಒಂದೇ ಮಾತು ಹೇಳಿದರು: "ನೀನು ಅದೇ ಓದಿದೋಳು, ಅದೇ ಕೆಲಸದಲ್ಲಿರೋಳು. ಕೊಡು ಅಂದ್ರೆ ಪತ್ರ ಕೊಡ್ತೀನಿ, ಬೇಡ ಅಂದ್ರೆ ಬೇಡ. ನನಗೇನು ಗೊತ್ತಾಗುತ್ತಮ್ಮ?"

ಇಂಥ ಜವಾಬ್ದಾರಿಯನ್ನು ಯಾರಾದರೂ ಇಷ್ಟು ಸಲೀಸಾಗಿ ನಮ್ಮ ತಲೆ ಮೇಲಿಟ್ಟರೆ ರಾತ್ರಿ ನಿದ್ದೆ ಬರುತ್ತಾ ಹೇಳಿ? ಹಾಗಾಗಿ ಕಾಗದ, ಪೆನ್ನು, ಕ್ಯಾಲ್ಕುಲೇಟರ್ ಹಿಡಿದು ಕೂತೆ. ಆ ಲೆಕ್ಕವನ್ನೇ ಇಲ್ಲಿ ಬರೀತಿದ್ದೀನಿ. ನಿಮ್ಮ ಮನೆಯಲ್ಲೂ ಒಬ್ಬ ಪುಟ್ಟಿ ಇರಬಹುದು, ಉಪಯೋಗಕ್ಕೆ ಬಂದೀತು.

*

ಮೊದಲು ನನ್ನದು ಹೇಳಿಬಿಡ್ತೀನಿ. ನಾನು ಎಂಎಚ್‌ಎ ಮಾಡಿದ್ದು 2007ರಿಂದ 2009ರ ತನಕ. ಆಗ ಸಾಲ ತೆಗೆದದ್ದು ಮೂರೂವರೆ ಲಕ್ಷ, 12 ಪರ್ಸೆಂಟ್ ಬಡ್ಡಿ. ನಾಲ್ಕು ಲಕ್ಷದೊಳಗಿನ ಸಾಲಕ್ಕೆ ಅಡಮಾನ ಬೇಡ ಅನ್ನೋ ನಿಯಮ ಆಗಲೇ ಇತ್ತು, ಹಾಗಾಗಿ ಅಪ್ಪನ ಸಹಿ ಸಾಕಾಯ್ತು. ಅಪ್ಪ ಸಹಿ ಹಾಕುವಾಗ ಕೈ ನಡುಗ್ತಿತ್ತೋ ಇಲ್ಲವೋ ನೋಡೋ ಧೈರ್ಯ ನನಗಿರಲಿಲ್ಲ. ಓದು ಮುಗಿಸಿ ಕೆಲಸಕ್ಕೆ ಸೇರಿ ಕಂತು ಶುರುವಾಗೋ ಹೊತ್ತಿಗೆ ಮೂರೂವರೆ ಹೋಗಿ 4 ಲಕ್ಷದ 34 ಸಾವಿರ ಆಗಿತ್ತು. ಏಳು ವರ್ಷಕ್ಕೆ ತಿಂಗಳ ಕಂತು 7,661 ರೂಪಾಯಿ. ನನ್ನ ಮೊದಲ ಸಂಬಳ 9,500.

ಹೌದು, ಸರಿಯಾಗೇ ಓದಿದಿರಿ. ಮಿಕ್ಕಿದ್ದು 1,839 ರೂಪಾಯಿ. ಪಿಜಿ ಬಾಡಿಗೆಗೇ ಸಾಲದು. ಮೊದಲೆರಡು ವರ್ಷ ಅಪ್ಪನ ಪೆನ್ಶನ್‌ನಿಂದ ಅರ್ಧ ಕಂತು ಹೋಯ್ತು. ಆಮೇಲೆ ಕೆಲಸ ಬದಲಾಯಿಸಿದೆ, ಸಂಬಳ ಹೆಚ್ಚಾಯ್ತು, 2015ರಲ್ಲಿ ಸಾಲ ತೀರಿತು. ಬ್ಯಾಂಕಿನಿಂದ ಬಂದ 'ಬಾಕಿ ಇಲ್ಲ' ಪತ್ರವನ್ನು ಅಮ್ಮ ದೇವರ ಮನೆಯಲ್ಲಿ ವಾರ ಇಟ್ಟಿದ್ದರು :)

ಇದನ್ನು ಹೇಳಿದ್ದು ಯಾಕೆ ಅಂದರೆ, ಮೊದಲ ಸಂಬಳ ಕಮ್ಮಿ, ಕಂತು ದೊಡ್ಡದು ಅನ್ನೋ ಕತೆ ಹೊಸದಲ್ಲ. ಈಗ ಬದಲಾಗಿರೋದು ಮೊತ್ತ. ಮತ್ತೆ ಅಡ ಇಡೋ ವಸ್ತು.

*

ಈಗ ಪುಟ್ಟಿಯ ಲೆಕ್ಕ. ಐದು ಲಕ್ಷ ಮೊದಲ ವರ್ಷ, ಐದು ಲಕ್ಷ ಎರಡನೇ ವರ್ಷ ಬ್ಯಾಂಕ್ ಬಿಡುಗಡೆ ಮಾಡುತ್ತೆ ಅಂತಿಟ್ಟುಕೊಳ್ಳಿ. ಬಡ್ಡಿ 10.5 ಪರ್ಸೆಂಟ್. ಓದೋ ಎರಡು ವರ್ಷ, ಅದರ ಮೇಲೊಂದು ವರ್ಷ ಕಂತು ಕಟ್ಟೋ ಹಾಗಿಲ್ಲ, ರಜೆ. ಜನ ಈ ರಜೆಯನ್ನ ಪುಕ್ಕಟೆ ಅಂದುಕೊಳ್ತಾರೆ. ರಜೆ ಇರೋದು ನಮಗೆ, ಬಡ್ಡಿಗಲ್ಲ. ಮೊದಲ ಐದು ಲಕ್ಷಕ್ಕೆ ಮೂರು ವರ್ಷದ ಬಡ್ಡಿ 1,57,500. ಎರಡನೇ ಐದು ಲಕ್ಷಕ್ಕೆ ಎರಡು ವರ್ಷದ್ದು 1,05,000. ಮೊದಲ ಕಂತು ಕಟ್ಟೋ ದಿನ ಹತ್ತು ಲಕ್ಷ ಅನ್ನೋದು 12,62,500 ಆಗಿ ಕೂತಿರುತ್ತೆ.

ಅದನ್ನು ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ 17,035. ಒಟ್ಟು ಕಟ್ಟೋದು ಸುಮಾರು 20 ಲಕ್ಷದ 44 ಸಾವಿರ.

ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ 13,956. ಒಟ್ಟು ಸುಮಾರು 25 ಲಕ್ಷದ 12 ಸಾವಿರ.

ಇನ್ನು ಸಂಬಳ. ನಾನಿರೋ ಆಸ್ಪತ್ರೆಗೆ ಈಚೆಗೆ ಎಂಎಚ್‌ಎ ಮುಗಿಸಿ ಸೇರಿದ ಮಕ್ಕಳಿಗೆ ಕೈಗೆ ಬರ್ತಿರೋದು ತಿಂಗಳಿಗೆ 27,000. ಹುದ್ದೆಯ ಹೆಸರು ಮಾತ್ರ ಭಾರಿ ಇರುತ್ತೆ, ಮ್ಯಾನೇಜ್‌ಮೆಂಟ್ ಟ್ರೈನಿ, ಎಕ್ಸಿಕ್ಯೂಟಿವ್ ಆಪರೇಷನ್ಸ್, ಹಾಗೆ ಹೀಗೆ.. ಇಪ್ಪತ್ತೇಳರಲ್ಲಿ ಹದಿನೇಳು ಬ್ಯಾಂಕಿಗೆ. ಮಿಕ್ಕ ಹತ್ತು ಸಾವಿರದಲ್ಲಿ ಬೆಂಗಳೂರಿನಲ್ಲಿ ಬದುಕು ಅಂದರೆ ನಾನು 2009ರಲ್ಲಿ ಮಾಡಿದ್ದೇ ಸರ್ಕಸ್ಸು.

ಇಲ್ಲಿಗೇ ನಿಲ್ಲಿಸಬಾರದು. ಓದದೇ ಇದ್ದರೆ ಅವಳಿಗೆ ಏನು ಬರುತ್ತಿತ್ತು ಅಂತಲೂ ನೋಡಬೇಕು. ವರ್ಷಕ್ಕೆ ಏಳು ಪರ್ಸೆಂಟ್ ಇನ್‌ಕ್ರಿಮೆಂಟ್ ಸಿಕ್ಕರೂ ಎರಡು ವರ್ಷದ ಮೇಲೆ ಈಗಿನ 18,000 ಅನ್ನೋದು 20,600 ಆಗಿರುತ್ತೆ. ಅಂದರೆ ಓದಿದ್ದರಿಂದ ಮೊದಲ ವರ್ಷ ಸಿಗೋ ಹೆಚ್ಚುವರಿ ತಿಂಗಳಿಗೆ 6,400 ಮಾತ್ರ. 6,400 ಗಳಿಸೋಕೆ 17,035 ಕಟ್ಟೋದು. ಜೊತೆಗೆ ಓದೋ ಎರಡು ವರ್ಷ ಬಾರದ ಸಂಬಳ ಸುಮಾರು ನಾಲ್ಕೂವರೆ ಲಕ್ಷ. ಈ ನಾಲ್ಕೂವರೆ ಲಕ್ಷವನ್ನ ಯಾವ ಕಾಲೇಜಿನ ಬ್ರೋಷರ್‌ನಲ್ಲೂ ಹಾಕಿರಲ್ಲ ನೋಡಿ.

ಇದನ್ನು ಅಕ್ಕನಿಗೆ ಓದಿ ಹೇಳಿದೆ. "ಹಂಗಾದ್ರೆ ಬೇಡ ಬಿಡೇ" ಅಂದಳು. ನಿಟ್ಟುಸಿರಿನಲ್ಲಿ ಒಂದಿಷ್ಟು ನೆಮ್ಮದಿಯೂ ಇತ್ತು ಅನ್ನಿಸ್ತು.

*

ಆದರೆ ಪುಟ್ಟಿ ಬಿಡಬೇಕಲ್ಲ. ಆವತ್ತು ರಾತ್ರಿ ಅವಳೇ ಫೋನ್ ಮಾಡಿದಳು. "ಚಿಕ್ಕಮ್ಮ, ನೀನು ಮೊದಲನೇ ತಿಂಗಳ ಲೆಕ್ಕ ಮಾಡಿದೀಯ. ನಿನ್ನ ಹತ್ತನೇ ವರ್ಷದ ಸಂಬಳ ಎಷ್ಟಿತ್ತು? ನೀನು ಓದದೇ ಇದ್ದಿದ್ರೆ ಈಗ ಎಲ್ಲಿರ್ತಿದ್ದೆ?"

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು. ನಮ್ಮ ಆಸ್ಪತ್ರೆಯಲ್ಲಿ ಪುಟ್ಟಿ ಮಾಡೋ ಕೆಲಸವನ್ನೇ ಹನ್ನೆರಡು ವರ್ಷದಿಂದ ಮಾಡ್ತಿರೋ ಒಬ್ಬರಿದ್ದಾರೆ. ವಿಮೆಯ ವ್ಯವಹಾರ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಯಾವ ಕಂಪನಿ ಯಾವ ಕ್ಲೇಮಿಗೆ ಯಾವ ತಕರಾರು ತೆಗೆಯುತ್ತೆ ಅಂತ ಅವರಿಗೆ ಬಾಯಿಪಾಠ. ಆದರೆ ಸೂಪರ್‌ವೈಸರ್ ಆದ ಮೇಲೆ ಮೇಲಕ್ಕೆ ಹೋಗಿಲ್ಲ. ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕೋ ಫಾರಮ್ಮಿನಲ್ಲೇ 'ಸ್ನಾತಕೋತ್ತರ ಪದವಿ' ಅಂತ ಇರುತ್ತೆ. ಹೋದ ವರ್ಷ ಅವರ ಮೇಲೆ ಬಂದು ಕೂತ ಹುಡುಗನಿಗೆ ಕೆಲಸ ಕಲಿಸಿದ್ದು ಅವರೇ.

ಹಾಗಾಗಿ ಎರಡನೇ ಲೆಕ್ಕಕ್ಕೆ ಕೂತೆ. ನನ್ನ ಜೊತೆಗೆ, ನನ್ನ ನಂತರ ಸೇರಿದವರನ್ನೆಲ್ಲಾ ನೆನಪು ಮಾಡಿಕೊಂಡು ಈಗಿನ ಸಂಬಳಕ್ಕೆ ಹೊಂದಿಸಿದೆ. 27ರಲ್ಲಿ ಶುರುವಾದರೆ ಮೂರನೇ ವರ್ಷಕ್ಕೆ 36, ಐದನೇ ವರ್ಷಕ್ಕೆ 45, ಆರನೇ ವರ್ಷಕ್ಕೆ ಅಸಿಸ್ಟೆಂಟ್ ಮ್ಯಾನೇಜರ್ ಆದರೆ 55 ಸಾವಿರ. ಓದದ ದಾರಿಯಲ್ಲಿ ಆರನೇ ವರ್ಷಕ್ಕೆ 29 ಸಾವಿರ. ಐದನೇ ವರ್ಷದಲ್ಲಿ ಮೊದಲ ಸಲ ಎರಡು ಸಂಬಳದ ವ್ಯತ್ಯಾಸ ಕಂತನ್ನು ದಾಟುತ್ತೆ. ಆದರೆ ಹಿಂದಿನ ವರ್ಷಗಳ ಕೊರತೆ, ಬಾರದ ಸಂಬಳ, ಭಾವ ಹಾಕಿದ ಒಂದು ಲಕ್ಷ, ಎಲ್ಲಾ ಸಮ ಆಗಿ ಕೈಗೆ ಲಾಭ ಅಂತ ಕಾಣೋದು ಒಂಬತ್ತು-ಹತ್ತನೇ ವರ್ಷದಲ್ಲಿ. ಅವಳಿಗಾಗ 34 ದಾಟಿರುತ್ತೆ. ಅದೂ ಮಧ್ಯದಲ್ಲಿ ಕೆಲಸ ಬಿಡದೇ ಇದ್ದರೆ. ಮದುವೆ, ಬಸಿರು ಬಾಣಂತನ, ಗಂಡನ ಊರು.. ಹೆಣ್ಣುಮಕ್ಕಳ ಲೆಕ್ಕದಲ್ಲಿ ಇವೆಲ್ಲಾ ಕೇಳದೇ ಬಂದು ಕೂರುತ್ತವೆ. ಬ್ಯಾಂಕಿನ ಕಂತು ಬಾಣಂತನ ಅಂತ ಮೂರು ತಿಂಗಳು ಬಿಡಲ್ಲ.

*

ನೀವು ಕೇಳಬಹುದು, ಆಸ್ಪತ್ರೆಗಳು ಇಷ್ಟು ದುಡಿಯುತ್ತವೆ, ಬಿಲ್ಲು ನೋಡಿದರೆ ತಲೆ ತಿರುಗುತ್ತೆ, ಆಡಳಿತದವರಿಗೆ ಯಾಕಿಷ್ಟು ಕಮ್ಮಿ ಅಂತ. ನನಗೆ ಕಂಡ ಕಾರಣ ಹೇಳ್ತೀನಿ.

ನರ್ಸ್ ಆಗಬೇಕಾದರೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ಫಾರ್ಮಸಿಸ್ಟ್‌ಗೂ ಬೇಕು, ಡಾಕ್ಟರಿಗಂತೂ ಬೇಕೇ ಬೇಕು. ಆಡಳಿತದ ಕೆಲಸಕ್ಕೆ ಅಂಥ ಲೈಸೆನ್ಸ್ ಇಲ್ಲ. ಎಂಎಚ್‌ಎ ಮಾಡಿದವರ ಪಕ್ಕದಲ್ಲೇ ಎಂಬಿಎ ಮಾಡಿದವರು, ಬಿಡಿಎಸ್ ಮಾಡಿ ಕ್ಲಿನಿಕ್ ನಡೆಯದವರು, ಫಿಸಿಯೋಥೆರಪಿ ಓದಿದವರು, ಆಯುರ್ವೇದ ಹೋಮಿಯೋಪತಿ ಓದಿದವರು ಎಲ್ಲಾ ಅದೇ ಕುರ್ಚಿಗೆ ಸಾಲಿನಲ್ಲಿ ನಿಂತಿರ್ತಾರೆ. ತೀರಾ ಮೇಲಿನ ಮೆಡಿಕಲ್ ಸೂಪರಿಂಟೆಂಡೆಂಟ್ ಕುರ್ಚಿ ಡಾಕ್ಟರಿಗೇ. ಅವರಿಗಂತಲೇ ಆಸ್ಪತ್ರೆ ಆಡಳಿತದಲ್ಲಿ ಎಂಡಿ ಇದೆ. ಹೀಗೆ ಕೆಳಗೆ ನೂಕುನುಗ್ಗಲು, ಮೇಲೆ ಬಾಗಿಲು ಕಿರಿದು.

ಹಾಗಂತ ಕೆಲಸ ಕಮ್ಮಿ ಆಗ್ತಿಲ್ಲ, ಹೆಚ್ಚಾಗ್ತಿದೆ. ನಾನು ಸೇರಿದಾಗ ಎನ್‌ಎಬಿಎಚ್ ಮಾನ್ಯತೆ ಇನ್ನೂ ಹೊಸ ವಿಷಯ. ಈಗ ಅದಿಲ್ಲದೆ ದೊಡ್ಡ ಆಸ್ಪತ್ರೆ ಮಾತೇ ಆಡಲ್ಲ, ಕ್ವಾಲಿಟಿ ವಿಭಾಗ ಅಂತಲೇ ಒಂದು ಬೆಳೆದಿದೆ. 2018ರಲ್ಲಿ ಆಯುಷ್ಮಾನ್ ಭಾರತ್ ಬಂತು, ನಮ್ಮಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿತು. ಅದರ ಅನುಮತಿ, ಕಡತ, ಕ್ಲೇಮು ನೋಡೋಕೆ ಜನ ಬೇಕು. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಕರು ಒಂದು ಸುತ್ತೋಲೆ ಹೊರಡಿಸಿದರು: ನಗದುರಹಿತ ಚಿಕಿತ್ಸೆಯ ಮನವಿಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಸಮಯದ ಕೊನೆಯ ಅನುಮತಿ ಮೂರು ಗಂಟೆಯೊಳಗೆ ಬರಬೇಕು. ಕಂಪನಿ ಮೂರು ಗಂಟೆಯಲ್ಲಿ ಉತ್ತರಿಸಬೇಕಾದರೆ ಆಸ್ಪತ್ರೆಯಿಂದ ಹೋಗೋ ಕಾಗದ ಮೊದಲೇ ಸರಿಯಿರಬೇಕಲ್ವಾ? ಬೆಳಿಗ್ಗೆ ಹತ್ತಕ್ಕೆ ಡಾಕ್ಟರು "ಮನೆಗೆ ಹೋಗಿ" ಅಂದ ರೋಗಿ ಸಂಜೆ ತನಕ ಮಂಚದ ಮೇಲೆ ಬ್ಯಾಗು ಹಿಡಿದು ಕೂತಿರೋದನ್ನ ನೀವೂ ನೋಡಿರ್ತೀರಿ. ಅದು ಡಾಕ್ಟರ ತಪ್ಪಲ್ಲ, ನರ್ಸ್ ತಪ್ಪೂ ಅಲ್ಲ. ಫಾರ್ಮಸಿಯಿಂದ ಬರಬೇಕಾದ ರಿಟರ್ನ್, ಬಿಲ್ಲಿಂಗು, ಡಿಸ್ಚಾರ್ಜ್ ಸಮ್ಮರಿ, ವಿಮೆ, ಇವು ನಾಲ್ಕೂ ಒಂದಕ್ಕೊಂದು ಕಾಯ್ತಾ ಕೂತಿರ್ತವೆ. ಆ ಗಂಟು ಬಿಡಿಸೋದೇ ನಮ್ಮ ಕೆಲಸ. ಪುಟ್ಟಿಗೆ ಇದು ಇಷ್ಟ, ಕೈಯೂ ಓಡುತ್ತೆ. ಇದನ್ನು ಯಾವ ಕಾಲಂನಲ್ಲಿ ಬರೀಲಿ?

*

ನಡುವೆ ಅಮೆರಿಕದಲ್ಲಿರೋ ನಮ್ಮ ದೊಡ್ಡಪ್ಪನ ಮಗ ಸಲಹೆ ಕೊಟ್ಟ. "ಅಲ್ಲಿ ಹತ್ತು ಲಕ್ಷಕ್ಕೆ ಯಾಕೆ ಒದ್ದಾಡ್ತೀರಿ, ಇಲ್ಲಿ ಎಂಎಚ್‌ಎ ಮಾಡಲಿ" ಅಂತ. ಅಲ್ಲಿನ ಕಾರ್ಮಿಕ ಇಲಾಖೆಯ ಅಂಕಿ ಪ್ರಕಾರ 2024ರ ಮೇನಲ್ಲಿ ಆಸ್ಪತ್ರೆ-ಆರೋಗ್ಯ ಸೇವೆಯ ಮ್ಯಾನೇಜರುಗಳ ಮಧ್ಯಮ ವಾರ್ಷಿಕ ಸಂಬಳ 1,17,960 ಡಾಲರ್. ಕೇಳೋಕೆ ಹಿತವಾಗಿದೆ. ಆದರೆ ಅದು ಇಪ್ಪತ್ತು ವರ್ಷ ಅನುಭವ ಇರೋರನ್ನೂ ಸೇರಿಸಿದ ಮಧ್ಯದ ಅಂಕಿ. ನಿನ್ನೆ ಪಾಸಾದೋರ ಸಂಬಳ ಅಲ್ಲ.

ಸಾಲದ ವಿಷಯದಲ್ಲೂ ಅಲ್ಲಿನ ಮಕ್ಕಳ ಆಟ ಬೇರೆ. ಅವರಿಗೆ ಸರ್ಕಾರವೇ ಸಾಲ ಕೊಡುತ್ತೆ. ಲಾಭಕ್ಕಲ್ಲದ ಆಸ್ಪತ್ರೆಯಲ್ಲಿ ಕೆಲಸ ಮಾಡ್ತಾ ನಿಯಮದಂತೆ 120 ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ ಮಾಡೋ ಯೋಜನೆಯೊಂದು 2007ರಿಂದ ಇದೆ. ಅಲ್ಲೂ ಈಗ ಬಿಗಿ ಆಗಿದೆ. ಬೇಕಾದಷ್ಟು ಸಾಲ ಕೊಡ್ತಿದ್ದ ಗ್ರಾಡ್ ಪ್ಲಸ್ ಯೋಜನೆಯನ್ನ 2026ರ ಜುಲೈ 1ರಿಂದ ಹೊಸಬರಿಗೆ ಮುಚ್ಚೋ ಕಾನೂನಿಗೆ 2025ರ ಜುಲೈನಲ್ಲಿ ಸಹಿ ಬಿತ್ತು. ಸಾಮಾನ್ಯ ಸ್ನಾತಕೋತ್ತರ ಓದಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಡಾಲರ್ ಮಿತಿ. ವೀಸಾದ ಮೇಲೆ ಹೋಗೋ ನಮ್ಮ ಹುಡುಗಿಗೆ ಆ ಸಾಲವೂ ಇಲ್ಲ, ಮನ್ನಾವೂ ಇಲ್ಲ. ಇಲ್ಲಿಂದಲೇ ನಲವತ್ತೋ ಐವತ್ತೋ ಲಕ್ಷ ತೆಗೆದು ಹೋಗಬೇಕು, ಅಲ್ಲಿ ಕೆಲಸದ ವೀಸಾ ಸಿಗಬೇಕು. ತೋಟದ ಪತ್ರದ ಜೊತೆ ಮನೆಯ ಪತ್ರವೂ ಬೇಕಾಗುತ್ತೆ. ಆ ಹಾಳೆಯನ್ನ ಅಲ್ಲಿಗೇ ಮಡಚಿಟ್ಟೆ.

*

ಇಲ್ಲಿನ ಸೌಲಭ್ಯಗಳನ್ನೂ ಒಂದೊಂದಾಗಿ ನೋಡಿದೆ. ಗೊತ್ತಿದ್ದರೆ ಒಳ್ಳೇದು, ಬರೀತೀನಿ.

ಏಳೂವರೆ ಲಕ್ಷದ ತನಕದ ಶಿಕ್ಷಣ ಸಾಲಕ್ಕೆ ಸರ್ಕಾರದ ಕ್ರೆಡಿಟ್ ಗ್ಯಾರಂಟಿ ನಿಧಿ ಇದೆ, ಆಸ್ತಿ ಅಡ ಇಡಬೇಕಾಗಿಲ್ಲ. ಅದನ್ನು ದಾಟಿದರೆ ಬ್ಯಾಂಕ್ ಪತ್ರ ಕೇಳುತ್ತೆ. ನಮ್ಮ ಸಮಸ್ಯೆ ಹುಟ್ಟಿದ್ದೇ ಇಲ್ಲಿ, ಹತ್ತು ಲಕ್ಷ ಅನ್ನೋ ಅಂಕಿಯಲ್ಲಿ.

2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು. ಪಟ್ಟಿಯಲ್ಲಿರೋ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಮನೆಯ ವರಮಾನ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದ ತನಕದ ಸಾಲಕ್ಕೆ, ಕಂತಿನ ರಜೆಯ ಅವಧಿಯಲ್ಲಿ, ಮೂರು ಪರ್ಸೆಂಟ್ ಬಡ್ಡಿ ಸಹಾಯ. ಪುಟ್ಟಿಗೆ ಸೀಟು ಸಿಕ್ಕ ಸಂಸ್ಥೆಯ ಹೆಸರನ್ನ ಆ ಪಟ್ಟಿಯಲ್ಲಿ ಹುಡುಕಿದೆವು. ಇರಲಿಲ್ಲ. ಸೀಟಿಗೆ ದುಡ್ಡು ಕಟ್ಟೋ ಮೊದಲು ಪಟ್ಟಿ ನೋಡಿ, ಕಟ್ಟಿದ ಮೇಲಲ್ಲ.

ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲಾ ಅಂತ ಭಾವನ ಸ್ನೇಹಿತರೊಬ್ಬರು ಹೇಳಿದರಂತೆ. ಹಳೆಯ ಕಾಯಿದೆಯಲ್ಲಿ 80ಇ ಅಂತಿದ್ದದ್ದು ಅದು. ಅದು ಹಳೇ ತೆರಿಗೆ ಪದ್ಧತಿಯಲ್ಲಿರೋರಿಗೆ ಮಾತ್ರ. ತಿಂಗಳಿಗೆ 27,000 ಬರೋಳಿಗೆ ತೆರಿಗೆಯೇ ಬರಲ್ಲ, ಇನ್ನು ವಿನಾಯಿತಿ ಎಲ್ಲಿಂದ? ಊಟಕ್ಕಿಲ್ಲದ ಉಪ್ಪಿನಕಾಯಿ ಅಂದಹಾಗಾಯ್ತು.

ಉಪಯೋಗಕ್ಕೆ ಬರೋದು ಒಂದೇ ಒಂದು. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಹೋದರೆ ಅದು ಅಸಲಿಗೆ ಸೇರಲ್ಲ. ಹತ್ತು ಲಕ್ಷದ ಸಾಲದಲ್ಲಿ ಮೊದಲ ವರ್ಷ ತಿಂಗಳಿಗೆ 4,375, ಆಮೇಲೆ 8,750 ಕಟ್ಟಿದರೆ ಕೊನೆಯ ಕಂತು 17,035ರ ಬದಲು 13,494. ಒಟ್ಟಾರೆ ಒಂದು ಲಕ್ಷ ಅರವತ್ತು ಸಾವಿರದಷ್ಟು ಉಳಿತಾಯ. ಬ್ಯಾಂಕುಗಳು ಇದಕ್ಕೆ ಬಡ್ಡಿಯಲ್ಲಿ ಒಂದು ಪರ್ಸೆಂಟ್ ರಿಯಾಯಿತಿ ಕೊಡೋದೂ ಉಂಟು, ಬಾಯಿಬಿಟ್ಟು ಕೇಳಬೇಕು.

*

ಭಾನುವಾರ ಪುಟ್ಟಿ ಬೆಂಗಳೂರಿಗೆ ಬಂದಳು. ಅವಳೂ ಒಂದು ಹಾಳೆ ತಂದಿದ್ದಳು. ನನ್ನ ಲೆಕ್ಕಕ್ಕಿಂತ ಚೊಕ್ಕವಾಗಿತ್ತು. ನಾನು ಸಾಲದಿಂದ ಶುರು ಮಾಡಿ ಸಂಬಳಕ್ಕೆ ಬಂದಿದ್ದೆ. ಅವಳು ಉಲ್ಟಾ ಹೋಗಿದ್ದಳು. ಮೊದಲ ಸಂಬಳ 27,000. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬ್ಯಾಂಕಿಗೆ ಕೊಟ್ಟರೆ ಬದುಕೋಕಾಗಲ್ಲ. ಅಂದರೆ ಕಂತು 9,000ದೊಳಗಿರಬೇಕು. ಹತ್ತು ವರ್ಷಕ್ಕೆ ಅಷ್ಟು ಕಂತು ಬರಬೇಕಾದರೆ ಈಗ ತೆಗೆಯಬಹುದಾದ ಸಾಲ ಐದೂಕಾಲು ಲಕ್ಷ.

"ಐದೂಕಾಲು ಲಕ್ಷಕ್ಕೆ ಎಲ್ಲಿ ಓದೋಕಾಗುತ್ತೋ ಅಲ್ಲಿ ಓದ್ತೀನಿ ಚಿಕ್ಕಮ್ಮ. ಎಲ್ಲೂ ಆಗಲ್ಲ ಅಂದ್ರೆ ಓದಲ್ಲ. ಅಪ್ಪನ ತೋಟ ಅಪ್ಪನ ಹತ್ರಾನೇ ಇರಲಿ."

ಅವಳೇ ಹುಡುಕಿದ್ದಳು ಕೂಡ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲೂ ಎಂಎಚ್‌ಎ ಇದೆ. ಅಂಥ ಒಂದು ಕಡೆ ಫೀಸು, ರೂಮು, ಊಟ ಸೇರಿ ಎರಡು ವರ್ಷಕ್ಕೆ ಆರೂವರೆ ಲಕ್ಷದಲ್ಲಿ ಮುಗಿಯುತ್ತೆ. ಹೆಸರು ಆ ಖಾಸಗಿ ವಿಶ್ವವಿದ್ಯಾಲಯದಷ್ಟು ದೊಡ್ಡದಲ್ಲ. ನಾನು ಸಂದರ್ಶನದಲ್ಲಿ ಆಚೆ ಕಡೆ ಕೂತೋಳಾಗಿ ಒಂದು ಮಾತು ಹೇಳಿದೆ: ನಮ್ಮ ಕೆಲಸದಲ್ಲಿ ಮೊದಲ ಸಂಬಳಕ್ಕೆ ಕಾಲೇಜಿನ ಹೆಸರು ಒಂದೆರಡು ಸಾವಿರ ಆಚೀಚೆ ಮಾಡಬಹುದು. ಎರಡನೇ ಕೆಲಸಕ್ಕೆ ಯಾರೂ ಕಾಲೇಜು ಕೇಳಲ್ಲ, ಎಷ್ಟು ಹಾಸಿಗೆಯ ಆಸ್ಪತ್ರೆಯಲ್ಲಿ ಏನು ಮಾಡಿದೆ ಅಂತ ಕೇಳ್ತಾರೆ.

ಈ ವರ್ಷ ಬೇಡ, ಮುಂದಿನ ವರ್ಷ ಸೇರೋದು ಅಂತ ಆಯ್ತು. ಅಲ್ಲಿವರೆಗೆ ಇದೇ ಡೆಸ್ಕಿನಲ್ಲಿ ಕೂತು ತಿಂಗಳಿಗೆ ಎಂಟು ಸಾವಿರ ಎತ್ತಿಡ್ತಾಳೆ, ಒಂದು ಲಕ್ಷದ ಹತ್ತಿರ ಆಗುತ್ತೆ. ಭಾವನದು ಒಂದು ಲಕ್ಷ. ಉಳಿದ ನಾಲ್ಕೂವರೆ ಲಕ್ಷ ಸಾಲ. ಪತ್ರ ಬೇಡ. ಬ್ಯಾಂಕಿನವರು ಇನ್ನೊಂದು ಸಹಿ ಕೇಳಿದರೆ ನಾನು ಹಾಕ್ತೀನಿ ಅಂದೆ.

ಆ ನಾಲ್ಕೂವರೆ ಲಕ್ಷಕ್ಕೆ ಕಂತು ಎಷ್ಟು ಬರುತ್ತೆ ಅಂತ ಇಬ್ಬರೂ ಸೇರಿ ಕ್ಯಾಲ್ಕುಲೇಟರ್ ಒತ್ತಿದೆವು. 7,666 ರೂಪಾಯಿ. ನನ್ನದು 7,661 ಇತ್ತಲ್ಲ.. ಐದೇ ರೂಪಾಯಿ ವ್ಯತ್ಯಾಸ! ಇಬ್ಬರೂ ನಕ್ಕೆವು. ಅದೇ ಕಂತು, ನಾನು 9,500ರಲ್ಲಿ ಕಟ್ಟಿದ್ದು, ಅವಳು 27,000ದಲ್ಲಿ ಕಟ್ಟೋದು. ಅವಳಿಗೆ ಮೂರನೇ ವರ್ಷಕ್ಕೇ ಸಂಬಳದ ವ್ಯತ್ಯಾಸ ಕಂತನ್ನು ದಾಟುತ್ತೆ.

ಭಾವನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಎಲ್ಲಾ ಕೇಳಿಸಿಕೊಂಡರು. "ಓದೋದು ಓದ್ತಾಳೆ ತಾನೇ?" ಅಂತ ಕೇಳಿದರು. ಹೂಂ ಅಂದೆ. "ಹಂಗಾದ್ರೆ ಸರಿ" ಅಂದು ಇಟ್ಟರು. ಅವರಿಗೆ ತೋಟ ಉಳಿದದ್ದಕ್ಕಿಂತ ಅದೇ ಹೆಚ್ಚು ಮುಖ್ಯವಾಗಿತ್ತು ಅಂತ ನನಗೆ ಆಗ ತಿಳೀತು. ನಾನು ಬೇಡ ಅಂದಿದ್ದರೂ ಅವರು ಪತ್ರ ಕೊಡ್ತಿದ್ದರೇನೋ.

ಎಂಎಚ್‌ಎ ಓದಬೇಕಾ ಬೇಡವಾ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಈಗ ಇಷ್ಟೇ: ಓದಿ, ಆದರೆ ಎಷ್ಟಕ್ಕೆ ಅನ್ನೋದನ್ನ ಮೊದಲ ಸಂಬಳ ತೀರ್ಮಾನ ಮಾಡಲಿ, ಕಾಲೇಜಿನ ಬ್ರೋಷರ್ ಅಲ್ಲ. ಆ ಮೊದಲ ಸಂಬಳ ಎಷ್ಟು ಅಂತ ಕಾಲೇಜಿನವರನ್ನ ಕೇಳಬೇಡಿ, ಹೋದ ವರ್ಷ ಪಾಸಾದ ಇಬ್ಬರನ್ನ ಹುಡುಕಿ ಕೇಳಿ.

ನರ್ಸಿಂಗು, ಫಾರ್ಮಸಿ, ಎಂಬಿಎ.. ನಿಮ್ಮ ಮನೆಯ ಮಕ್ಕಳ ಲೆಕ್ಕ ಹೇಗೆ ಬಂತು? ಮೂರನೇ ಒಂದು ಭಾಗ ಅನ್ನೋ ಪುಟ್ಟಿಯ ಸೂತ್ರ ಅಲ್ಲೂ ನಿಲ್ಲುತ್ತಾ? ಮಾಡಿ ನೋಡಿ ತಿಳಿಸಿ. ಅವಳಿಗೆ ಓದಿ ಹೇಳ್ತೀನಿ.